ಮಂಟಪದ ಜನರೇಟರ್‌ಗೆ ಚಾರ್ಜರ್ ಕೂಡ್ಸಿದ ಮ್ಯಾಲೂ ಸೆಲ್ಫ್ ತಗೊಳವಲ್ದು

ಸಿಂಧನೂರು ಮಂಟಪ:
ನಮಸ್ಕಾರ ರೀ. ಸಿಂಧನೂರಿನಾಗ ಒಂದು ಕಲ್ಯಾಣ ಮಂಟಪದ ಕರೆಂಟ್ ಕೆಲಸ ನಾನು ನೋಡ್ಕೋತೀನಿ. 62.5 ಕೆವಿಎ ಡೀಸೆಲ್ ಸೆಟ್, 12 ವೋಲ್ಟ್ ಸ್ಟಾರ್ಟಿಂಗ್, ಒಂದೇ ಬ್ಯಾಟರಿ, 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯೋ ಚಾರ್ಜಿನ ಅಳತಿ). ಲೈನ್ ಹೋದ್ರ ತಾನ ಚಾಲೂ ಆಗೋ ಎಎಂಎಫ್ ಪ್ಯಾನಲ್ ಐತಿ. ಮದುವಿ ಸೀಜನ್‌ನಾಗ ತಕರಾರಿಲ್ಲ. ಆಷಾಢದಾಗ ಸೆಟ್ ಸುಮ್ನ ನಿಲ್ತೈತಿ, ಶ್ರಾವಣದ ಮೊದಲ್ನೇ ಕಾರ್ಯಕ್ಕ ಬ್ಯಾಟರಿ ಡೌನ್. ಅದಕ್ಕ ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡೋ ಅಂಗಡಿಯೊಳಗ ಇರೋ ಅಂಥಾದ್ದೇ ಒಂದು ಟ್ರಾನ್ಸ್‌ಫಾರ್ಮರ್ ಚಾರ್ಜರ್ ತಂದು ಕಾಯಂ ಕೂಡ್ಸೀವಿ. ಈಗ ಬ್ಯಾಟರಿ ನೀರು ಭಾಳ ಲಗೂ ಇಳೀತೈತಿ, ಕ್ಯಾನೊಪಿ (ಸೆಟ್ ಮುಚ್ಚಿರೋ ತಗಡಿನ ಪೆಟ್ಟಿಗಿ) ಬಾಗಿಲು ತೆಗೆದ್ರ ಮೂಗಿಗೆ ಹೊಡಿಯೋ ಆ್ಯಸಿಡ್ ವಾಸನಿ, ಟರ್ಮಿನಲ್ ಮ್ಯಾಲ ಬಿಳಿ ಹಸಿರು ಪುಡಿ. ಇಷ್ಟಾದ್ರೂ ಸೆಲ್ಫ್ ಹೊಡೆದ್ರ ‘ಟಕ್’ ಅಂದು ನಿಲ್ತೈತಿ, ಎರಡ್ನೇ ಮೂರ್ನೇ ಸಲಕ್ಕ ಎಳೀತೈತಿ. ಎಲ್ರೂ ಬ್ಯಾಟರಿ ಬದಲಿಸು ಅಂತಾರ. ಬದಲಿಸ್ಲೇನು?

ಕಾರಟಗಿ ರೈಸ್‌ಮಿಲ್:
ಚಾರ್ಜರ್ ಉಸಾಬರಿ ಯಾಕ್ರಿ ಅಣ್ಣ? ವಾರಕ್ಕೊಮ್ಮೆ ಹತ್ತು ನಿಮಿಷ ಸೆಟ್ ಚಾಲೂ ಮಾಡಿ ಬಂದ್ ಮಾಡ್ರಿ. ಡೈನಮೋ ಚಾರ್ಜ್ ಮಾಡ್ತೈತಿ.

ತೋರಣಗಲ್ಲು ಪ್ಯಾನಲ್:
ಬ್ಯಾಟರಿಗೆ ಈಗಲೇ ದುಡ್ಡು ಸುರೀಬೇಡಿ. ಮಲ್ಟಿಮೀಟರ್ ಇದೆಯಲ್ಲ, ಮೊದಲು ಇಷ್ಟು ರೀಡಿಂಗ್ ಕೊಡಿ. ಬೆಳಿಗ್ಗೆ ಚಾರ್ಜರ್ ಆನ್ ಇದ್ದಾಗ ಬ್ಯಾಟರಿ ಮೇಲೆ ಎಷ್ಟು? ಚಾರ್ಜರ್ ಬಂದ್ ಮಾಡಿ ಐದಾರು ತಾಸು ಬಿಟ್ಟ ಮೇಲೆ ಎಷ್ಟು? ಆಮೇಲೆ ಫ್ಯುಯೆಲ್ ಸೊಲೆನಾಯ್ಡ್ (ಎಂಜಿನ್‌ಗೆ ಡೀಸೆಲ್ ಬಿಡೋ ಕರೆಂಟ್ ವಾಲ್ವ್) ವೈರ್ ಬಿಚ್ಚಿ, ಎಂಜಿನ್ ಹತ್ತದ ಹಾಗೆ ಮಾಡಿ, ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬದ ನಡುವೆ ಎಷ್ಟು? ಅದೇ ಹೊತ್ತಿಗೆ ಬ್ಯಾಟರಿ ಮೈನಸ್ ಕಂಬದಿಂದ ಎಂಜಿನ್ ಬ್ಲಾಕ್‌ಗೆ ಎಷ್ಟು? ಒಂದು ಸಲಕ್ಕೆ ಹತ್ತು ಸೆಕೆಂಡ್ ಮೀರಬೇಡಿ, ಸ್ಟಾರ್ಟರ್ ಮೋಟರ್ ಸುಟ್ಟೀತು.

ಇನ್ನೊಂದು. ಪ್ಯಾನಲ್ ಆಟೋದಲ್ಲಿ ಬಿಟ್ಟು ಕ್ಯಾನೊಪಿ ಒಳಗೆ ಕೈ ಹಾಕಬೇಡಿ. ಲೈನ್ ಹೋದರೆ ಸೆಟ್ ಯಾರನ್ನೂ ಕೇಳದೆ ಚಾಲೂ ಆಗ್ತದೆ, ಫ್ಯಾನ್ ಬೆಲ್ಟ್ ಹತ್ತಿರ ಬೆರಳಿದ್ದರೆ ಹೋಯ್ತು.

ಕಾರಟಗಿಯವರಿಗೆ: ಸೆಲ್ಫ್ ಹೊಡೆಯೋಕೆ ಖರ್ಚಾಗೋದು ಭಾಳ ಕಡಿಮೆ ರೀ. 300 ಆಂಪ್‌ನಂತೆ 5 ಸೆಕೆಂಡ್ ಎಳೆದರೂ ಅರ್ಧ ಎಎಚ್ ಕೂಡ ಆಗಲ್ಲ. ಬ್ಯಾಟರಿ ತಿನ್ನೋದು ಹಗಲೂರಾತ್ರಿ ಎದ್ದಿರೋ ಎಎಂಎಫ್ ಕಂಟ್ರೋಲರು, ಅದರ ರಿಲೇ, ದೀಪ. ವಾರದ ಆ ಖರ್ಚು ಹತ್ತು ನಿಮಿಷದಲ್ಲಿ ತುಂಬಲ್ಲ. ಮೇಲಾಗಿ ಲೋಡ್ ಇಲ್ಲದೆ ಓಡಿಸ್ತಾ ಹೋದರೆ ಡೀಸೆಲ್ ಪೂರ್ತಿ ಸುಡದೆ ಸೈಲೆನ್ಸರ್‌ನಲ್ಲಿ ಕಪ್ಪು ಜಿಡ್ಡು ಕೂರ್ತದೆ. ಓಡಿಸಿ, ಬೇಡ ಅನ್ನಲ್ಲ. ಆದರೆ ಮೂರನೇ ಒಂದು ಪಾಲಾದರೂ ಲೋಡ್ ಕೊಟ್ಟು, ಅರ್ಧ ತಾಸು ಓಡಿಸಿ.

ಸಿಂಧನೂರು ಮಂಟಪ:
ನೋಡಿದೆ ರೀ. ಚಾರ್ಜರ್ ಆನ್ ಇದ್ದಾಗ 15.7 ವೋಲ್ಟ್. ಬಂದ್ ಮಾಡಿ ಬಿಟ್ಟ ಮ್ಯಾಲ 12.6. ಸೆಲ್ಫ್ ಹೊಡಿಯೋ ಮುಂದ ಬ್ಯಾಟರಿ ಮ್ಯಾಲ 10.3, ಮೈನಸ್‌ನಿಂದ ಬ್ಲಾಕ್‌ಗೆ 1.9. ಪ್ಯಾನಲ್ ಸುಮ್ನ ಇದ್ದಾಗ ಎಷ್ಟು ಎಳೀತೈತಿ ಅಂತ ಸೀರೀಸ್‌ನಾಗ ಮೀಟರ್ ಹಾಕಿದ್ರ 0.18 ಆಂಪ್ ಬಂತು.

ತೋರಣಗಲ್ಲು ಪ್ಯಾನಲ್:
ಆ ಮೀಟರ್ ಸೀರೀಸ್‌ನಲ್ಲಿ ಇರುವಾಗ ಯಾರೂ ಸೆಲ್ಫ್ ಹೊಡೀದಂಗೆ ನೋಡ್ಕೊಳ್ಳಿ, ಮೀಟರ್ ಸತ್ತೇ ಹೋಗ್ತದೆ.

ನಿಮ್ಮ ಬ್ಯಾಟರಿ ಕೆಟ್ಟಿಲ್ಲ. ಸೆಲ್ಫ್ ಎಳೆಯುವಾಗಲೂ 10.3 ನಿಂತಿದೆ ಅಂದರೆ ಅದು ತನ್ನ ಕೆಲಸ ಮಾಡ್ತಿದೆ. 9.6ರ ಕೆಳಗೆ ಕುಸಿದಿದ್ದರೆ ನಾನೂ ಬದಲಿಸಿ ಅಂತಿದ್ದೆ. ವೋಲ್ಟ್ ಹೋಗ್ತಿರೋದು ಅರ್ಥ್ ದಾರಿಯಲ್ಲಿ, ಅಂದರೆ ಮೈನಸ್ ಕಂಬದಿಂದ ಬ್ಲಾಕ್‌ಗೆ ಹೋಗೋ ದಾರಿಯಲ್ಲಿ. ಅಲ್ಲಿ ಅರ್ಧ ವೋಲ್ಟೂ ಬೀಳಬಾರದು, ನಿಮಗೆ 1.9 ಬೀಳ್ತಿದೆ. ಸ್ಟಾರ್ಟರ್‌ಗೆ ಸಿಗೋದು ಎಂಟೂ ಚಿಲ್ಲರೆ. ‘ಟಕ್’ ಅನ್ನದೆ ಇನ್ನೇನು ಮಾಡೀತು?

ಅರ್ಥ್ ಯಾಕೆ ಕೆಟ್ಟಿತು ಅನ್ನೋದಕ್ಕೆ ಉತ್ತರ ಆ 15.7ರಲ್ಲಿದೆ. ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗೆ ‘ಸಾಕು’ ಅನ್ನೋದೇ ಗೊತ್ತಿಲ್ಲ. ಅಂಗಡಿಯವರು ಬ್ಯಾಟರಿ ತುಂಬಿದ ಮೇಲೆ ಕ್ಲಿಪ್ ಕಿತ್ತು ಇಡ್ತಾರೆ, ಅಲ್ಲಿ ಅದು ಸರಿ. ನಿಮ್ಮಲ್ಲಿ ಕೀಳೋರಿಲ್ಲ. ರಾತ್ರಿ ಊರ ಲೋಡ್ ಇಳಿದು ಲೈನ್ ವೋಲ್ಟೇಜ್ ಏರಿದರೆ ಅದರ ಔಟ್‌ಪುಟ್ಟೂ ಏರ್ತದೆ. 14.4 ದಾಟಿತು ಅಂದರೆ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಗುಳ್ಳೆ ಏಳ್ತದೆ, ಅದರ ಜೊತೆ ಆ್ಯಸಿಡ್ ಹನಿ ಹಾರ್ತದೆ. ನಿಮ್ಮ ಮೂಗಿಗೆ ಹೊಡೆದದ್ದು ಅದೇ, ಅರ್ಥ್ ಕೇಬಲ್ ತುದಿಯ ಲಗ್ ತಿಂದದ್ದೂ ಅದೇ. ಹೈಡ್ರೋಜನ್ ಮುಚ್ಚಿದ ಕ್ಯಾನೊಪಿಯಲ್ಲಿ ತುಂಬಿರುವಾಗ ಒಂದು ಕಿಡಿ ಸಾಕು. ಇವತ್ತೇ ಆ ಚಾರ್ಜರ್ ಬಂದ್ ಮಾಡಿ, ಬಾಗಿಲು ತೆರೆದಿಡಿ.

ಹಾಗಂತ ಚಾರ್ಜರ್ ಇಲ್ಲದೆ ನಡೆಯಲ್ಲ. 0.18 ಆಂಪ್ ಅಂದರೆ ದಿನಕ್ಕೆ 4.3 ಎಎಚ್. 100 ಎಎಚ್ ಬ್ಯಾಟರಿ ಹನ್ನೆರಡು ದಿನದೊಳಗೆ ಅರ್ಧ ಖಾಲಿ, ಆಷಾಢ ಒಂದು ತಿಂಗಳು.

ಫ್ಲೋಟ್ (ತುಂಬಿದ ಮೇಲೆ ಕಡಿಮೆ ವೋಲ್ಟ್‌ನಲ್ಲಿ ಹಿಡಿದಿಡೋ ಹಂತ) ಇರೋ 5 ಆಂಪ್‌ನ ಎಸ್‌ಎಂಪಿಎಸ್ (ಔಟ್‌ಪುಟ್ ತಾನೇ ಹಿಡಿತದಲ್ಲಿಡೋ ಎಲೆಕ್ಟ್ರಾನಿಕ್) ಚಾರ್ಜರ್ ತಗೊಳ್ಳಿ. ಬೂಸ್ಟ್ (ಮೊದಲು ಬೇಗ ತುಂಬೋ ಹಂತ) 14.4 ಒಳಗೆ, ಫ್ಲೋಟ್ 13.5 ಆಸುಪಾಸು. ಆದರೆ ಆ 13.5 ಇರೋದು 25 ಡಿಗ್ರಿಗೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ನೆರಳಲ್ಲೇ 40 ದಾಟ್ತದೆ. ಡಿಗ್ರಿಗೆ ಸುಮಾರು 0.02 ವೋಲ್ಟ್ ಇಳಿಸಬೇಕು, ಅಂದರೆ 40ಕ್ಕೆ 13.2. ಟೆಂಪರೇಚರ್ ಸೆನ್ಸರ್ ಇರೋದು ಸಿಕ್ಕರೆ ಸೆನ್ಸರನ್ನು ಬ್ಯಾಟರಿ ಮೈಗೇ ಅಂಟಿಸಿ. ಚಾರ್ಜರ್ ಪ್ಯಾನಲ್ ರೂಮಿನಲ್ಲಿ ಇರಲಿ, ಕ್ಯಾನೊಪಿ ಒಳಗೆ ಬೇಡ.

ಪ್ಲಸ್ ವೈರ್ ನೇರ ಬ್ಯಾಟರಿ ಕಂಬಕ್ಕೇ ಬರಬೇಕು, 2.5 ಸ್ಕ್ವೇರ್ ಎಂಎಂ ದಪ್ಪದ್ದು, ಕಂಬದ ಹತ್ತಿರವೇ 10 ಆಂಪ್ ಫ್ಯೂಸ್. ಬ್ಯಾಟರಿ ವೈರ್ ಬಿಚ್ಚೋ ಮುಂಚೆ ಚಾರ್ಜರ್ ಬಂದ್ ಮಾಡೋದು ಕಡ್ಡಾಯ, ಬ್ಯಾಟರಿ ಇಲ್ಲದ ಲೈನಿಗೆ ಚಾರ್ಜರ್ ಒದ್ದರೆ ಕಂಟ್ರೋಲರ್ ಹೋಗ್ತದೆ. ಬಿಚ್ಚುವಾಗ ಮೈನಸ್ ಮೊದಲು, ಕಟ್ಟುವಾಗ ಮೈನಸ್ ಕೊನೆಗೆ.

ಒಂದು ಅನುಮಾನ. ಮಂಟಪಕ್ಕೆ ಬೀಗ ಹಾಕಿದಾಗ ವಾಚ್‌ಮನ್ ಮೇನ್ ಇಳಿಸ್ತಾರಾ?

ಸಿಂಧನೂರು ಮಂಟಪ:
ಹೌದ್ರಿ, ಪ್ಯಾನಲ್ ಮ್ಯಾನುವಲ್‌ಗೆ ಹಾಕಿ ಮೇನ್ ಇಳಿಸೇ ಹೋಗ್ತಾನ.

ತೋರಣಗಲ್ಲು ಪ್ಯಾನಲ್:
ಹಾಗಾದರೆ ಎಂಥ ಚಾರ್ಜರ್ ತಂದರೂ ಆಷಾಢದಲ್ಲಿ ಅದು ಗೋಡೆ ಮೇಲಿನ ಕ್ಯಾಲೆಂಡರ್ ಇದ್ದಂತೆ. ಮೇನ್ ಹಾಗೇ ಬಿಟ್ಟು ಹಾಲ್‌ನ ಎಂಸಿಬಿ ಮಾತ್ರ ಇಳಿಸೋಕೆ ಹೇಳಿ. ಚಾರ್ಜರ್‌ಗೆ ಲೈನ್ ಕಡೆಯಿಂದ, ಚೇಂಜ್‌ಓವರ್‌ಗೆ (ಲೈನ್‌ನಿಂದ ಸೆಟ್‌ಗೆ ಬದಲಿಸೋ ಸ್ವಿಚ್) ಮುಂಚೆ, ಬೇರೆಯೇ ಎಂಸಿಬಿ ಕೊಡಿ. ಸೆಟ್ ಓಡುವಾಗ ಡೈನಮೋ 14ರ ಮೇಲೆ ಕೊಡ್ತದೆ, ಆಗ ಚಾರ್ಜರ್ ತಾನೇ ಸುಮ್ಮನಾಗ್ತದೆ, ಎರಡೂ ಒಂದಕ್ಕೊಂದು ಗುದ್ದಾಡಲ್ಲ.

ಸಿಂಧನೂರು ಮಂಟಪ:
ಅರ್ಥ್ ಲಗ್ ಬಿಚ್ಚಿದ್ರ ಕೈಯಾಗ ಪುಡಿಪುಡಿ ಆತು ರೀ. ತಳದಾಗ ಚಾಸಿ ಬಣ್ಣದ ಮ್ಯಾಲೇ ಬೋಲ್ಟ್ ಬಿಗಿದಿದ್ರು. ಬಣ್ಣ ಕೆರೆದು, ಹೊಸ ಕೇಬಲ್ ನೇರ ಬ್ಲಾಕ್‌ಗೆ ಒಯ್ದೆ, ಕಂಬ ಅಡಿಗಿ ಸೋಡಾ ಕಲಸಿದ ನೀರಿಂದ ತೊಳೆದು ವ್ಯಾಸಲಿನ್ ಹಚ್ಚಿದೆ. ಈಗ ಮೈನಸ್‌ನಿಂದ ಬ್ಲಾಕ್‌ಗೆ 0.2 ವೋಲ್ಟ್. ಒಂದೇ ಸಲಕ್ಕ ಹತ್ತಿತು. ಹೊಸ ಚಾರ್ಜರ್ 13.4ಕ್ಕ ನಿಂತೈತಿ. ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಆದ ಮ್ಯಾಲ ಹೈಡ್ರೋಮೀಟರ್ (ಆ್ಯಸಿಡ್ ಎಷ್ಟು ಗಟ್ಟಿ ಐತಿ ಅಂತ ತೋರ್ಸೋದು) ಹಿಡಿದ್ರ ಐದು ಸೆಲ್ 1.240, ಒಂದು 1.215.

ತೋರಣಗಲ್ಲು ಪ್ಯಾನಲ್:
0.050 ತನಕ ಫರಕು ನಡೀತದೆ. ಆ ಒಂದು ಸೆಲ್ ಮೇಲೆ ಕಣ್ಣಿಡಿ. ಇನ್ನೂ ಇಳಿದರೆ ಆಗ ಬ್ಯಾಟರಿ ಬದಲಿಸೋಣ.

ಕಾರಟಗಿ ರೈಸ್‌ಮಿಲ್:
ನಮ್ಮದು 24 ವೋಲ್ಟ್ ಸೆಟ್, ಎರಡು ಬ್ಯಾಟರಿ. ಇದೇ 12 ವೋಲ್ಟ್ ಚಾರ್ಜರ್ ಒಂದು ಬ್ಯಾಟರಿಗೆ ಕೂಡ್ಸಿದ್ರ ನಡೀತೈತೇನ್ರಿ?

ತೋರಣಗಲ್ಲು ಪ್ಯಾನಲ್:
ಬೇಡ. ಒಂದು ತುಂಬ್ತದೆ, ಇನ್ನೊಂದು ಹಸಿದೇ ಇರ್ತದೆ, ಸೀರೀಸ್‌ನಲ್ಲಿ ಆ ಹಸಿದದ್ದು ಮೊದಲು ಸಾಯ್ತದೆ. 24 ವೋಲ್ಟ್‌ದೇ ತಗೊಂಡು ಎರಡರ ಎರಡೂ ತುದಿಗೆ ಹಾಕಿ, ಫ್ಲೋಟ್ 27.