ಸಹಾಯ ಬೇಕು: ಅಪ್ಪ ಅಮ್ಮನ ಜೊತೆ ಕ್ರೂಗರ್ ಸಫಾರಿ, ನಾನೇ ಡ್ರೈವರ್

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಅಪ್ಪ, ಅಮ್ಮ, ಮಗಳ ಜೊತೆ ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕಿಗೆ ಹೊರಟಿದ್ದೇವೆ. ಜೊಹಾನ್ಸ್‌ಬರ್ಗ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸೋ ಯೋಚನೆ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಹೋಗಬೇಕು, ಹಾಗಾಗಿ ಧೈರ್ಯ ಇದೆ.

ತಲೆ ಕೆಡಿಸಿರೋದು ದೂರ. ಬಂಡೀಪುರದ ಲೆಕ್ಕ ಇಲ್ಲಿ ನಡೆಯಲ್ಲ. ಇದು ಸುಮಾರು 19,500 ಚದರ ಕಿ.ಮೀ. ಕಾಡು. ಟಾರು ರಸ್ತೆಯಲ್ಲಿ ಗಂಟೆಗೆ 50, ಮಣ್ಣು ರಸ್ತೆಯಲ್ಲಿ 40 ಕಿ.ಮೀ. ಮಿತಿ. ಸಂಜೆ ಗೇಟು ಹಾಕೋದರೊಳಗೆ ಕ್ಯಾಂಪ್ ಸೇರಲೇಬೇಕು. ಆನೆ ಹಿಂಡು ರಸ್ತೆಗೆ ಅಡ್ಡ ನಿಂತರೆ ಹಾರ್ನ್ ಹೊಡೆಯೋಕಾಗುತ್ತಾ! ಪಾರ್ಕಿನೊಳಗಿನ ಲೋವರ್ ಸಾಬಿ ಕ್ಯಾಂಪಿಂದ ಸತಾರಾ ಕ್ಯಾಂಪಿಗೆ ಪ್ರಾಣಿ ನೋಡ್ಕೊಂಡು ನಿಧಾನವಾಗಿ ಹೋದರೆ ನಿಜಕ್ಕೂ ಎಷ್ಟು ಹೊತ್ತು ಬೇಕು? ಅಪ್ಪನಿಗೆ ಶುಗರ್ ಇದೆ, ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾಗುತ್ತೆ. ಎಲ್ಲೆಂದರಲ್ಲಿ ಕಾರಿಂದ ಇಳಿಯೋ ಹಾಗಿಲ್ಲವಲ್ಲ. ದಾರಿಯಲ್ಲಿ ತ್ಶೊಕ್ವಾನೆ ಪಿಕ್ನಿಕ್ ಜಾಗ ಬಿಟ್ಟರೆ ಬೇರೆಲ್ಲಾದರೂ ಅನುಕೂಲ ಇದೆಯಾ?

ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಅಡುಗೆಮನೆ ಇರೋ ಕಾಟೇಜ್ ನೋಡ್ತಿದ್ದೇವೆ. ಚಟ್ನಿಪುಡಿ, ಅವಲಕ್ಕಿ ಇಲ್ಲಿಂದಲೇ ಒಯ್ತೀವಿ. ಕ್ಯಾಂಪಿನ ಅಂಗಡಿಯಲ್ಲಿ ಅಕ್ಕಿ, ತರಕಾರಿ, ಮೊಸರು ಸಿಗುತ್ತಾ, ಅಥವಾ ಒಳಗೆ ಹೋಗೋ ಮೊದಲೇ ಪೇಟೆಯಲ್ಲಿ ಕೊಂಡುಬಿಡಬೇಕಾ?

ಇನ್ನೊಂದು, ನಮ್ಮ ವಿಮಾನ ನೈರೋಬಿ ಮೇಲೆ. ಅಲ್ಲಿ 12 ಗಂಟೆಗಿಂತ ಹೆಚ್ಚು ನಿಂತರೆ ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರದ ಲಸಿಕೆ ಸರ್ಟಿಫಿಕೇಟ್ ಕೇಳ್ತಾರೆ. ಅಪ್ಪನ ವಯಸ್ಸಿಗೆ ಆ ಲಸಿಕೆ ಬೇಡ ಅನ್ನಿಸಿ ಕಡಿಮೆ ಹೊತ್ತಿನ ಕನೆಕ್ಷನ್ ಹುಡುಕ್ತಾ ಇದ್ದೀನಿ. ಮಲೇರಿಯಾ ಮಾತ್ರೆ ಡಾಕ್ಟರ್ ಹತ್ತಿರ ಕೇಳ್ತೀನಿ. ಹಿರಿಯರನ್ನು ಕರ್ಕೊಂಡು ಹೋಗಿಬಂದವರು ದಯವಿಟ್ಟು ತಿಳಿಸಿ. ಟಿಕೆಟ್ ಈ ವಾರವೇ ಬುಕ್ ಮಾಡಬೇಕು.