ಅಪ್‌ಡೇಟ್: ರೋಂಡಾ ಗಣಿಗೆ ಹೋದ ಮುತ್ತಜ್ಜ ಸಿಕ್ಕಿದರು!

ನನ್ನ ಗಂಡನ ಮನೆಯವರು ವೇಲ್ಸ್‌ನವರು. ಅವರ ಮುತ್ತಜ್ಜ ಯಾವ ಊರಿಂದ ಬಂದು ರೋಂಡಾ ಕಣಿವೆಯ ಕಲ್ಲಿದ್ದಲು ಗಣಿ ಸೇರಿದರು ಎಂದು ಇಲ್ಲಿ ಕೇಳಿದ್ದೆ. 1891ರ ಜನಗಣತಿಯಲ್ಲಿ ಅವರ ಹೆಸರೇ ಸಿಕ್ಕಿರಲಿಲ್ಲ.

ನಿಮ್ಮಲ್ಲೊಬ್ಬರು ಕೊಟ್ಟ ಸಲಹೆಯೇ ಕೆಲಸ ಮಾಡಿತು. ಆಗ ಕೆಲಸಕ್ಕೆ ಬಂದ ಹುಡುಗರು ಜಾಸ್ತಿ ಬೇರೆಯವರ ಮನೆಯಲ್ಲಿ ದುಡ್ಡು ಕೊಟ್ಟು ಉಳಿಯುತ್ತಿದ್ದರಂತೆ, ಅಲ್ವಾ? ಅದೇ ಕಣಿವೆಯ ಟ್ರಿಯಾರ್ಕಿ ಎಂಬ ಊರಿನ ಒಂದು ಮನೆಯಲ್ಲಿ ಹಾಗೇ ಸಿಕ್ಕಿದರು. ಹಳೆಯ ಕೈಬರಹ ನೋಡಿ ಪಟ್ಟಿ ಮಾಡಿದವರು ಹೆಸರನ್ನು ತಪ್ಪಾಗಿ ಓದಿದ್ದರು, ಅಷ್ಟೇ.

1911ರ ಜನಗಣತಿಯ ನಮೂನೆ ನೋಡಿ ಕಣ್ಣು ತುಂಬಿತು. ಅದನ್ನು ಮನೆಯವರೇ ತುಂಬುತ್ತಿದ್ದರು, ಹಾಗಾಗಿ ಅದು ಮುತ್ತಜ್ಜನದೇ ಕೈಬರಹ. ಹುಟ್ಟಿದೂರು ಸಾಮರ್‌ಸೆಟ್‌ನ ರ‍್ಯಾಡ್‌ಸ್ಟಾಕ್. ಅದೂ ಕಲ್ಲಿದ್ದಲಿನ ಊರೇ. ವೇಲ್ಸ್‌ನ ನಮೂನೆಯಲ್ಲಿ ಭಾಷೆಯನ್ನೂ ಕೇಳುತ್ತಿದ್ದರು. ಅಪ್ಪ ಅಮ್ಮನಿಗೆ ಬರೀ ಇಂಗ್ಲಿಷ್, ಮಕ್ಕಳಿಗೆ ಇಂಗ್ಲಿಷ್, ವೆಲ್ಷ್ ಎರಡೂ. ಬೀದಿಯಲ್ಲಿ ಆಡಿಯೇ ಕಲಿತಿರಬೇಕು. ಹುಟ್ಟಿದ ಮಕ್ಕಳು ಏಳು, ಬದುಕಿ ಉಳಿದವರು ನಾಲ್ಕು ಎಂದೂ ಬರೆದಿದ್ದಾರೆ. ಆ ಮೂವರ ಬಗ್ಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಅತ್ತೆ ಆ ಸಾಲನ್ನು ಎರಡು ಸಲ ಓದಿ ಸುಮ್ಮನೆ ಕೂತುಬಿಟ್ಟರು.

ಇನ್ನು 1921ರ ಜನಗಣತಿ ನೋಡಬೇಕು. ಕೆಲಸ ಕೊಟ್ಟವರ ಹೆಸರೂ ಅದರಲ್ಲಿ ಇರುತ್ತದೆ, ಯಾವ ಗಣಿ ಎಂದು ತಿಳಿಯಬಹುದು. ಆ ಮೂರು ಮಕ್ಕಳ ಹೆಸರನ್ನೂ ಹುಡುಕುತ್ತೇನೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.