ವಿದ್ಯಾಸಿರಿ ದುಡ್ಡು ಬಂದಿದೆಯಂತೆ, ಎಲ್ಲಿಗೆ ಅಂತ ಗೊತ್ತಿಲ್ಲ. ಮನೆಯಲ್ಲಿ ಜಗಳ

ಪೀಣ್ಯದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಊರು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ. ತಮ್ಮ ಚಿತ್ರದುರ್ಗದಲ್ಲಿ ಬಿಎಸ್ಸಿ ಓದುತ್ತಿದ್ದಾನೆ, ಈಗ ಎರಡನೇ ವರ್ಷ. ಹೋದ ವರ್ಷ ಅವನಿಗೆ ಹಾಸ್ಟೆಲ್ ಸೀಟ್ ಸಿಗಲಿಲ್ಲ. ಇನ್ನಿಬ್ಬರು ಹುಡುಗರ ಜೊತೆ ರೂಮ್ ಮಾಡಿಕೊಂಡ. ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಅಂತ ಸರ್ಕಾರ ಕೊಡುವ ವಿದ್ಯಾಸಿರಿಗೆ ಎಸ್‌ಎಸ್‌ಪಿಯಲ್ಲಿ, ಅಂದರೆ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಅರ್ಜಿ ಹಾಕಿದೆವು. ತಿಂಗಳಿಗೆ 1,500 ರೂಪಾಯಿ, ಹತ್ತು ತಿಂಗಳಿಗೆ 15,000. ಅದನ್ನೇ ನಂಬಿಕೊಂಡು ಅಪ್ಪ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ತಂದು ರೂಮಿನ ಅಡ್ವಾನ್ಸ್, ಮೆಸ್ ಎಲ್ಲ ಕಟ್ಟಿದರು.

ಅರ್ಜಿ ಹಾಕುವುದೇ ದೊಡ್ಡ ರಾಮಾಯಣ ಆಗಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ಅವನ ಹೆಸರಿಗೆ ಒಂದಕ್ಷರದ ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿಕೊಂಡಿದೆ. ಜಾತಿ, ಆದಾಯ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಆ ಪತ್ರಗಳ ಮೇಲಿರುವ ಆರ್‌ಡಿ ನಂಬರ್ ಹಾಕಿದಾಗಲೆಲ್ಲ ಹೆಸರು ಹೊಂದುತ್ತಿಲ್ಲ ಅಂತ ಬರುತ್ತಿತ್ತು. ಅಪ್ಪ ಮೂರು ಸಲ ನಾಡಕಚೇರಿಗೆ ಹೋದರು. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಾಹೇಬರಿಲ್ಲ, ಮೂರನೇ ದಿನ ಕೆಲಸ ಆಯಿತು. ಅಷ್ಟರಲ್ಲಿ ಮೂರು ದಿನದ ಕೂಲಿ ಹೋಗಿತ್ತು.

ಈಗ ಪೋರ್ಟಲ್‌ನಲ್ಲಿ ಮಂಜೂರಾಗಿದೆ ಅಂತ ತೋರಿಸುತ್ತಿದೆ. ತಮ್ಮನ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿದರೆ ಒಂದು ರೂಪಾಯಿಯೂ ಬಂದಿಲ್ಲ. ಅವನ ರೂಮಿನ ಇನ್ನಿಬ್ಬರಿಗೂ ಬಂದಿದೆ. ಅಪ್ಪನ ಲೆಕ್ಕ ಸಲೀಸು. ದುಡ್ಡು ಬಂದಿದೆ, ಇವನು ಮೊಬೈಲ್‌ನಲ್ಲಿ ರಮ್ಮಿ ಆಡಿ ಕಳೆದಿದ್ದಾನೆ. ಗೌರಿ ಹಬ್ಬಕ್ಕೆ ನಾನು ಊರಿಗೆ ಹೋದಾಗ ಇಬ್ಬರೂ ಮಾತು ಬಿಟ್ಟಿದ್ದರು. ಅಮ್ಮ ಒಬ್ಬರಿಗೆ ಉಣ್ಣಲಿಕ್ಕಿ, ಅವರು ಎದ್ದು ಹೋದ ಮೇಲೆ ಇನ್ನೊಬ್ಬರನ್ನು ಕರೆಯುತ್ತಿದ್ದಳು. ತಮ್ಮ ನನ್ನನ್ನು ಹಿತ್ತಲಿಗೆ ಕರೆದು, ಓದು ಸಾಕು, ನಿನ್ನ ಜೊತೆ ಪೀಣ್ಯಕ್ಕೇ ಬರುತ್ತೇನೆ ಅಂದ.

ನಾನು ಪಿಯುಸಿಗೇ ಬಿಟ್ಟವಳು. ಅವನೂ ಬಿಟ್ಟರೆ ಅಷ್ಟೇ. ತಮ್ಮ ಸುಳ್ಳು ಹೇಳುವವನಲ್ಲ ಅಂತ ನನಗೆ ಗೊತ್ತು, ಆದರೆ ಅಪ್ಪನಿಗೆ ತೋರಿಸಲು ಕೈಯಲ್ಲಿ ಏನೂ ಇಲ್ಲ. ದುಡ್ಡು ಎಲ್ಲಿಗೆ ಹೋಗಿದೆ ಅಂತ ನೋಡುವುದು ಹೇಗೆ?

ಇನ್ನೊಂದು ವಿಷಯ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಅನ್ನುವ ಸ್ಕಾಲರ್‌ಶಿಪ್ ಬರುತ್ತದಂತೆ. ನಮಗೆ ಒಂದೂಮುಕ್ಕಾಲು ಎಕರೆ ಇದೆ, ಪಹಣಿ ಮಾತ್ರ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದೆ. ಸಿಗುತ್ತದಾ?

ಗ್ರಾಮ ಒನ್ ನಡೆಸುವವ:

ಅಕ್ಕ, ಒಂದು ಪ್ರಶ್ನೆ. ಅರ್ಜಿ ತುಂಬುವಾಗ ಬ್ಯಾಂಕ್ ಖಾತೆ ನಂಬರ್ ಕೇಳಿದರಾ? ಇಲ್ಲ ಅಲ್ವಾ. ಈ ದುಡ್ಡು ಹೋಗುವುದು ಆಧಾರ್ ನಂಬರಿಗೆ. ಆ ಆಧಾರ್ ಎನ್‌ಪಿಸಿಐನಲ್ಲಿ, ಅಂದರೆ ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆಯ ಪಟ್ಟಿಯಲ್ಲಿ, ಯಾವ ಬ್ಯಾಂಕಿಗೆ ಮ್ಯಾಪ್ (ಜೋಡಣೆ) ಆಗಿದೆಯೋ ಅಲ್ಲಿಗೆ ಹೋಗಿ ಬೀಳುತ್ತದೆ. ನೀವು ಯಾವ ಪಾಸ್‌ಬುಕ್ ಹಿಡಿದುಕೊಂಡಿದ್ದೀರಿ ಅನ್ನುವುದು ಅದಕ್ಕೆ ಗೊತ್ತಿಲ್ಲ. ಮೂರು ಬ್ಯಾಂಕಿನಲ್ಲಿ ಆಧಾರ್ ಕೊಟ್ಟಿರಬಹುದು, ಮ್ಯಾಪ್ ಆಗುವುದು ಮಾತ್ರ ಒಂದಕ್ಕೆ, ಕೊನೆಗೆ ಯಾವುದಕ್ಕೆ ಮಾಡಿಸಿದ್ದೀರೋ ಅದಕ್ಕೆ.

ತಮ್ಮನ ಫೋನಿನಲ್ಲಿ ಡಿಬಿಟಿ ಕರ್ನಾಟಕ ಅನ್ನುವ ಸರ್ಕಾರದ ಆ್ಯಪ್ ಹಾಕಿಸಿ. ಆಧಾರ್ ಓಟಿಪಿ ಕೊಟ್ಟರೆ ಯಾವ ಯೋಜನೆಯಿಂದ ಎಷ್ಟು, ಯಾವತ್ತು, ಯಾವ ಬ್ಯಾಂಕಿಗೆ ಅಂತ ತೋರಿಸುತ್ತದೆ. ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ ಅಂತ ಅಲ್ಲಿ ಕಾಣುತ್ತದೆ, ಅದನ್ನೂ ನೋಡಿ. ಎರಡೂ ಪುಕ್ಕಟೆ.

ಸ್ಕಾಲರ್‌ಶಿಪ್ ಸಹಾಯ:

ಮೇಡಂ, ಆಧಾರ್ ಫೋಟೋ ಮತ್ತು ಓಟಿಪಿ ಕಳಿಸಿ, 500 ರೂಪಾಯಿಗೆ ನಾವೇ ಸರಿಮಾಡಿ ಕೊಡುತ್ತೇವೆ.

ಗ್ರಾಮ ಒನ್ ನಡೆಸುವವ:

ಅಕ್ಕ, ಮೇಲಿನವರಿಗೆ ಏನನ್ನೂ ಕಳಿಸಬೇಡಿ. ಓಟಿಪಿ ಅಂತೂ ಬೇಡವೇ ಬೇಡ.

ಎರಡು ಮಕ್ಕಳ ತಾಯಿ, ಅರಸೀಕೆರೆ:

ತಂಗಿ, ನಮ್ಮೂರಲ್ಲಿ ಈ ಎನ್‌ಪಿಸಿಐ ಅನ್ನುವ ಪದವನ್ನು ಎಲ್ಲ ಹೆಂಗಸರಿಗೂ ಕಲಿಸಿದ್ದು ಗೃಹಲಕ್ಷ್ಮಿ. 2023ರಲ್ಲಿ ಎಲ್ಲರಿಗೂ 2,000 ಬಂತು, ನನಗೆ ಬರಲಿಲ್ಲ. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆಯಮ್ಮ ಅಂದರು, ನಾನು ವಾಪಸ್ ಬಂದೆ. ಆಮೇಲೆ ಗೊತ್ತಾಯಿತು, ಲಿಂಕ್ ಬೇರೆ, ಮ್ಯಾಪಿಂಗ್ ಬೇರೆ. "ಲಿಂಕ್ ಆಗಿದೆಯಾ" ಅಂತ ಕೇಳಬಾರದು. "ಎನ್‌ಪಿಸಿಐ ಸೀಡಿಂಗ್ ಫಾರಂ ಕೊಡಿ, ಸರ್ಕಾರದ ದುಡ್ಡು ಈ ಖಾತೆಗೆ ಬರಬೇಕು" ಅನ್ನಬೇಕು.

ನಿನ್ನ ಅಮ್ಮನ ಮಾತು ಓದಿ ಬೇಜಾರಾಯಿತು. ನಮ್ಮನೆಯಲ್ಲೂ ಹೀಗೇ ಆಗಿತ್ತು, ನಾನೇ ಮುಚ್ಚಿಟ್ಟಿದ್ದೀನಿ ಅಂತ ನಮ್ಮತ್ತೆ ಊರೆಲ್ಲ ಹೇಳಿದ್ದರು.

ಕಾಲೇಜು ಆಫೀಸಿನಲ್ಲಿದ್ದವನು, ಈಗ ರಿಟೈರ್ಡ್:

ನೋಡಮ್ಮ, ಹಳೇ ದುಡ್ಡು ಹುಡುಕುವ ಗಡಿಬಿಡಿಯಲ್ಲಿ ಈ ವರ್ಷದ ಅರ್ಜಿ ಮರೆಯಬೇಡಿ. ಪ್ರತಿವರ್ಷ ಹಾಕಬೇಕು. ಮಕ್ಕಳು ಹೋದ ವರ್ಷ ಹಾಕಿದ್ದೇವಲ್ಲ ಅಂತ ಸುಮ್ನೆ ಕೂತುಬಿಡುತ್ತಾರೆ. ಆದಾಯ ಪತ್ರ ಐದು ವರ್ಷ ನಡೆಯುತ್ತದೆ, ತಾರೀಕು ನೋಡಿಕೊಳ್ಳಿ. ಹೆಸರು ಹೊಂದದೆ ಇದ್ದರೆ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಆಧಾರ್ ತಿದ್ದಿಸಿ, ಆಮೇಲೆ ಉಳಿದದ್ದು. ಎಲ್ಲವನ್ನೂ ಒಟ್ಟಿಗೆ ತಿದ್ದಿಸಲು ಹೊರಟರೆ ಮೂರೂ ಮೂರು ತರ ಆಗಿ ಕೂರುತ್ತವೆ.

ರೈತ ವಿದ್ಯಾನಿಧಿಗೆ ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದ ರೈತರ ನೋಂದಣಿಯ ಎಫ್‌ಐಡಿ ಇರಬೇಕು. ಜಮೀನು ಅಜ್ಜನ ಹೆಸರಲ್ಲೇ ಇದ್ದರೆ ಅಲ್ಲೇ ನಿಲ್ಲುತ್ತದೆ. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಹೆಸರಲ್ಲಿರುವ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಭಾಗ ಆಗದಿದ್ದರೂ ವಾರಸುದಾರರೆಲ್ಲರ ಹೆಸರಲ್ಲಿ ಜಂಟಿ ಖಾತೆ ಆಗುತ್ತದೆ. ಅದಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಮಾಡಿಕೊಡುತ್ತಾರೆ. ಬಿಎಸ್ಸಿಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500. ದೊಡ್ಡ ದುಡ್ಡಲ್ಲ, ಆದರೆ ಪೌತಿ ಖಾತೆ ಇವತ್ತಲ್ಲ ನಾಳೆ ಮಾಡಿಸಲೇಬೇಕಾದ ಕೆಲಸ.

ಪೀಣ್ಯದ ಅಕ್ಕ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಶಿಫ್ಟ್ ಮುಗಿಯುವುದೇ ತಡ.

ದುಡ್ಡು ಸಿಕ್ಕಿತು!

ಡಿಬಿಟಿ ಆ್ಯಪ್ ಹಾಕಿದ ತಕ್ಷಣ 15,000 ಕಾಣಿಸಿತು. ಹೋಗಿದ್ದು ಒಂದು ಪೇಮೆಂಟ್ಸ್ ಬ್ಯಾಂಕಿಗೆ, ಮೊಬೈಲ್ ಕಂಪನಿಯವರು ನಡೆಸುವಂಥ ಬ್ಯಾಂಕಿಗೆ. ಅಂಥ ಬ್ಯಾಂಕಿನಲ್ಲಿ ಖಾತೆಯೇ ಇಲ್ಲ ಅಂತ ತಮ್ಮ ಆಣೆ ಮಾಡಿದ. ನನಗೂ ಒಂದು ಗಳಿಗೆ ಅನುಮಾನ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನೇ ನೆನಪು ಮಾಡಿಕೊಂಡ. ಫಸ್ಟ್ ಇಯರ್ ಸೇರಿದ ಹೊಸದರಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಸಿಮ್ ತೆಗೆದುಕೊಂಡಿದ್ದ. ಅಂಗಡಿಯವನು ಬೆರಳು ಎರಡು ಸಲ ಒತ್ತಿಸಿಕೊಂಡನಂತೆ. ಮೊದಲನೇ ಸಲ ಸರಿಯಾಗಿ ಬರಲಿಲ್ಲ ಅಂದನಂತೆ. ಎರಡನೇ ಸಲ ಒತ್ತಿದ್ದು ಖಾತೆಗೆ ಅಂತ ಈಗ ಅನ್ನಿಸುತ್ತದೆ. ಆ ಸಿಮ್ ಎರಡೇ ತಿಂಗಳಲ್ಲಿ ಎಸೆದಿದ್ದಾನೆ. ಹಾಗಾಗಿ ದುಡ್ಡು ಬಿದ್ದ ಮೆಸೇಜ್ ಬಂದರೂ ನೋಡುವವರು ಯಾರೂ ಇಲ್ಲ.

ಗ್ರಾಮ ಒನ್ ಅಣ್ಣನಿಗೆ ಮೆಸೇಜ್ ಮಾಡಿ ಕೇಳಿದೆ. ಓಟಿಪಿ ಬೇಡ, ಬೆರಳು ಒತ್ತಿ ತೆಗೆಯಬಹುದು, ಪೋಸ್ಟ್ ಆಫೀಸಿಗೆ ಹೋಗಿ ಅಂದರು. ಶನಿವಾರ ರಜೆ ಹಾಕಿ ಊರಿಗೆ ಹೋದೆ. ಅಪ್ಪನನ್ನೂ ಕರೆದುಕೊಂಡೇ ಹೋದೆವು, ಅದು ನನ್ನ ಹಟ. ತಮ್ಮ ಹೆಬ್ಬೆರಳು ಇಟ್ಟ. ಒಂದು ಸಲಕ್ಕೆ 10,000ಕ್ಕಿಂತ ಜಾಸ್ತಿ ಬರುವುದಿಲ್ಲ, ಉಳಿದ 5,000 ಸೋಮವಾರ ತೆಗೆದ. ಅಲ್ಲೇ ಪೋಸ್ಟ್ ಬ್ಯಾಂಕಿನಲ್ಲಿ ಹೊಸ ಖಾತೆ ಮಾಡಿಸಿ ಆಧಾರ್ ಮ್ಯಾಪಿಂಗ್ ಅದಕ್ಕೇ ಹಾಕಿಸಿದೆವು. ಈ ವರ್ಷದ ಅರ್ಜಿಯೂ ಆಯಿತು.

ಅಪ್ಪ ತಪ್ಪಾಯಿತು ಅನ್ನಲಿಲ್ಲ, ಅನ್ನುವವರೂ ಅಲ್ಲ. ಬರುವ ದಾರಿಯಲ್ಲಿ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿ, ತಮ್ಮನಿಗೆ ಮಾತ್ರ ಎರಡು ಮಸಾಲೆ ದೋಸೆ ಹೇಳಿದರು. ನನಗೆ ಒಂದೇ! ಆ ರಾತ್ರಿ ಅಮ್ಮ ಒಂದೇ ಸಲ ಬಡಿಸಿದಳು.

ರಿಟೈರ್ಡ್ ಸರ್, ಪೌತಿ ಖಾತೆ ವಿಷಯ ಎತ್ತಿದೆ. ಮರಣ ಪತ್ರ ಇದೆ. ವಂಶವೃಕ್ಷಕ್ಕೆ ದೊಡ್ಡಪ್ಪನ ಆಧಾರ್ ಕೇಳಿದ್ದಕ್ಕೆ, ಯಾಕೆ, ಜಮೀನು ಬರೆಸಿಕೊಳ್ಳುತ್ತೀರಾ ಅಂದರಂತೆ. ಜಂಟಿ ಖಾತೆ ಆದರೆ ಅವರ ಪಾಲು ಎಲ್ಲಿಗೂ ಹೋಗುವುದಿಲ್ಲ ಅಂತ ಅವರಿಗೆ ತಿಳಿಯುವ ಹಾಗೆ ನಾಲ್ಕು ಸಾಲು ಬರೆದುಕೊಡುತ್ತೀರಾ? ದೀಪಾವಳಿಗೆ ಹೋದಾಗ ಓದಿ ಹೇಳುತ್ತೇನೆ.